ಮೇಲಿನ ದನಿಗೊಂದು ಆಂಪ್ಲಿಫೈಯರ್

ಟಾರ್ಚಿನ ಬೆಳಕಿನಲ್ಲಿ ಧೂಳು, ಅಬ್ಬಾ ಎಷ್ಟು ಧೂಳು, ಸ್ಪೀಕರಿನ ಹಿಂದೆ ಮೂಗು ತೂರಿಸಿ ಮಂಡಿಯೂರಿದವನ ಬಾಯಲ್ಲಿ ಸ್ಕ್ರೂಡ್ರೈವರ್, ಮೂವತ್ತು ವರ್ಷ ಸ್ಟುಡಿಯೋದಲ್ಲಿ ಕೂತು ಕಂಡವರ ಹಾಡನ್ನೆಲ್ಲ ಹದ ಮಾಡಿದವನಿಗೆ ಸ್ವಂತ ಮನೆಯ ಸ್ಪೀಕರ್ ಪೆಟ್ಟಿಗೆಗಳಿಗೆ ಒಂದು ಆಂಪ್ಲಿಫೈಯರ್ ಸಾಕೋ ಎರಡು ಬೇಕೋ ಎಂದು ವಾರದಿಂದ ತೀರ್ಮಾನವಾಗಿಲ್ಲ — ಒಂದೇ ಸಾಕು, ಇಷ್ಟು ವರ್ಷ ಸಾಕಾಗಿತ್ತಲ್ಲ, ಎರಡಿಟ್ಟರೆ ಎರಡನ್ನೂ ಸರಿತೂಗಿಸುವುದೇ ಒಂದು ತಲೆನೋವು, ಆದರೆ ಗೆಳೆಯ ಬಿಡಬೇಕಲ್ಲ, ರಿಪೇರಿ ಅಂಗಡಿಯ ಗೆಳೆಯ, ದಿನವಿಡೀ ಬೆಸುಗೆಯ ಹೊಗೆ ಕುಡಿದು ಎಲ್ಲರ ಬಾಯಲ್ಲೂ ಸಾಲ್ಡರು ಆದವನು, ತಾನೇ ಕಟ್ಟಿದ ಎರಡನೆಯದನ್ನು ಹೆಗಲ ಮೇಲೆ ಹೊತ್ತು ತಂದು, ತಗೋಳಯ್ಯ, ಹಳೇದು ಕೆಳಗಿನ ದಪ್ಪ ದನಿಗೆ, ಇದು ಮೇಲಿನ ಸಣ್ಣ ದನಿಗೆ, ಮೇಲಿಂದನ್ನ ಬೇಕಾದಷ್ಟು ಏರಿಸ್ಕೋಬಹುದು ನೋಡು — ಏರಿಸುವುದೇಕೆ, ಇರುವುದೇ ಚೆನ್ನಾಗಿದೆಯಲ್ಲ. ಆದರೂ ಗೆಳೆಯನ ಒತ್ತಾಯಕ್ಕೆ ಒಮ್ಮೆ ನೋಡೋಣವೆಂದರೆ, ಎರಡು ಜೋಡಿಸುವವನು ಮೊದಲು ಪಟ್ಟಿ ಬಿಚ್ಚಬೇಕು, ದಪ್ಪ ದನಿಯ ತಿರುಪನ್ನೂ ಸಣ್ಣ ದನಿಯ ತಿರುಪನ್ನೂ ಕೂಡಿಸುವ ಹಿತ್ತಾಳೆ ಪಟ್ಟಿ, ಮರೆತರೆ ಎರಡೂ ಆಂಪ್ಲಿಫೈಯರು ಒಂದನ್ನೊಂದು ಸುಟ್ಟುಕೊಳ್ಳುತ್ತವೆ, ಹೊಸಬರ ತಪ್ಪು ಅದು, ಅವನು ಮರೆಯುವವನೇ, ಬಿಚ್ಚಲು ಕೈ ಹಾಕಿದರೆ — ಪಟ್ಟಿಯೇ ಇಲ್ಲ. ಇನ್ನೊಂದು ಪೆಟ್ಟಿಗೆಯಲ್ಲೂ ಇಲ್ಲ. ತಂತಿ ಇರುವುದು ದಪ್ಪ ದನಿಗೆ ಮಾತ್ರ, ಅಂದರೆ ಸಣ್ಣ ದನಿ ಈ ಪೆಟ್ಟಿಗೆಗಳಿಂದ ಹೊರಡುತ್ತಲೇ ಇಲ್ಲ, ಎಂದಿನಿಂದ?

ಮೂರು ವಾರದಿಂದ, ಇನ್ನೆಂದಿನಿಂದ, ಸಾಲ್ಡರು ಬಂದ ಆ ಭಾನುವಾರದಿಂದ, ಒಂಚೂರು ಧೂಳು ಹೊಡೀತೀನಿ ಕಣೋ, ಧೂಳನ್ನು ಇದ್ದಲ್ಲೇ ಬಿಟ್ಟು ಪಟ್ಟಿ ಹೊಡೆದು ಜೇಬಿಗಿಳಿಸಿದ್ದಾನೆ ಕಳ್ಳ, ಆಮೇಲೆ ಹೆಂಡತಿ ಹಾಡು ಹಾಕಿದಳು, ಗಂಡನೇ ಹದ ಮಾಡಿದ ಹಾಡು, ಮೊದಲಲ್ಲೇ ಪುಟ್ಟ ಗಂಟೆಗಳು ಕಿಣಿಕಿಣಿ ಎನ್ನುವ ಹಾಡು, ಅವನು ಕಣ್ಣು ಮುಚ್ಚಿ ತಲೆದೂಗಿ, ಆಹಾ, ಕೇಳಿದ್ಯಾ, ಧೂಳು ಹೋದಮೇಲೆ ಗಂಟೆ ಎಷ್ಟು ಚೊಕ್ಕ! ಕಣ್ಣು ಬಿಟ್ಟಾಗ ಹೆಂಡತಿ, ಸಾಲ್ಡರು ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು, ಅವಳು ಬೇಡ ಎಂಬಂತೆ ತಲೆಯಾಡಿಸಿದಳು, ಕಾಫಿಗೆ ಸಕ್ಕರೆ ಬೇಡ ಅಂತಿದ್ದಾಳೆ ಎಂದುಕೊಂಡನಲ್ಲ, ಪೆದ್ದ, ಶತಪೆದ್ದ, ಇಲ್ಲದ ಗಂಟೆಯನ್ನು ಹೊಗಳಿದ್ದಾನೆ, ನೆನಪಿನಲ್ಲಿದ್ದದ್ದನ್ನು ಕೇಳಿದೆ ಎಂದುಕೊಂಡಿದ್ದಾನೆ, ಪರೀಕ್ಷೆ ಮಾಡಿದ್ದಾರೆ ಅವನನ್ನು, ಕಿವಿಯಿಂದಲೇ ಅನ್ನ ತಿಂದವನನ್ನು. ಹಾಗಾದರೆ ಹೋದ ತಿಂಗಳು ರೆಕಾರ್ಡಿಂಗಿಗೆ ಬಂದ ಹಾಡುವ ಹುಡುಗಿ, ಅಣ್ಣಾ ನೀವು ಹದ ಮಾಡಿದ್ರಲ್ಲಿ ನನ್ನ ಸ, ಶ ಎಲ್ಲಾ ಸೂಜಿ ಥರ ಚುಚ್ಚುತ್ತೆ ಅಂದದ್ದು, ಹೋಗಮ್ಮ, ಹಲ್ಲಿನ ಡಾಕ್ಟರಿಗೆ ತೋರಿಸ್ಕೋ ಎಂದು ಅವನು ಅಂದದ್ದು, ಸ್ಟುಡಿಯೋದಲ್ಲಿ ಎಲ್ಲರೂ ನಕ್ಕದ್ದು — ಯಾರನ್ನು ನೋಡಿ ನಕ್ಕರು?

ಜೋಡಿಸಿದ್ರಾ ರೀ, ಬಾಗಿಲಲ್ಲಿ ಹೆಂಡತಿ, ಒದ್ದೆ ಕೈ ಒರೆಸಿಕೊಳ್ಳುತ್ತ, ಪಟ್ಟಿ ಎಲ್ಲೇ, ಯಾವ ಪಟ್ಟಿ, ನಾಟಕ ಆಡ್ಬೇಡ, ಹಿತ್ತಾಳೆದು, ಪೆಟ್ಟಿಗೆಗೆರಡು, ನಾಲ್ಕು — ಅವಳು ಗೋಡೆಗೆ ಒರಗಿದಳು, ಸ್ಟುಡಿಯೋದಿಂದ ಫೋನ್ ಬಂದಿತ್ತು ರೀ, ನಿಮ್ಮ ಜಾಗಕ್ಕೆ ಬೇರೆಯವರನ್ನ ಕೂರಿಸ್ತೀವಿ ಅಂದ್ರು, ನಮ್ಮನೆಯವರ ಕಿವಿ ಚೆನ್ನಾಗೇ ಇದೆ ಅಂತ ಜಗಳ ಆಡ್ದೆ, ಆಮೇಲೆ ನನಗೇ ಅನುಮಾನ ಬಂತು, ಸಾಲ್ಡರಣ್ಣನ್ನ ಕೇಳ್ದೆ — ಅಣ್ಣನಂತೆ ಅಣ್ಣ! ಗಂಡನನ್ನೇ ಕೇಳಬಾರದಿತ್ತೇ, ಇಪ್ಪತ್ತಾರು ವರ್ಷ ಒಟ್ಟಿಗೆ ಬಾಳಿದವಳು, ನಿಮಗೆ ಕೇಳಿಸ್ತಿದ್ಯಾ ಎಂದು ಒಂದೇ ಒಂದು ಮಾತು, ನೆಚ್ಚಿದ ಎಮ್ಮೆ ಕೋಣನನ್ನು ಈಯಿತು, ಒಂದಲ್ಲ, ಎರಡೆಮ್ಮೆ, ಇರಲಿ, ಸುಳ್ಳು ಮಾಡುತ್ತೇನೆ ನಿಮ್ಮ ಪರೀಕ್ಷೆಯನ್ನು, ಎರಡನೆಯದನ್ನೂ ಜೋಡಿಸಿಯೇ ತೋರಿಸುತ್ತೇನೆ, ತಂತಿ ಬಿಗಿದ, ಅದೇ ಹಾಡು ಹಾಕಿದ, ಹಳೆಯದು ಗುಮ್ ಗುಮ್, ಹೊಸದರ ಗುಂಡಿ ತಿರುಗಿಸಿದ, ಕಾಲು, ಅರ್ಧ, ಗಂಟೆ ಎಲ್ಲಿ, ಇನ್ನೂ, ಮುಕ್ಕಾಲು, ದೂರದಲ್ಲೆಲ್ಲೋ ಒಂದೆಳೆ, ಇನ್ನೂ ಸ್ವಲ್ಪ, ಹಾಂ, ಬಂತು, ಈಗ ಚೊಕ್ಕ, ಕೇಳೇ ಈಗ, ಎಂದು ತಿರುಗಿದರೆ ಅವಳು ಎರಡೂ ಕೈಯಿಂದ ಎರಡೂ ಕಿವಿ ಅದುಮಿಕೊಂಡು ನಿಂತಿದ್ದಳು, ಮುಖ ಕಿವುಚಿಕೊಂಡು, ಅವನು ತಗ್ಗಿಸಿದ, ಗಂಟೆ ಎಳೆಯಾಯಿತು, ಕೈ ಇಳಿಯಲಿಲ್ಲ, ಇನ್ನೂ ತಗ್ಗಿಸಿದ, ಗಂಟೆ ಹೋಯಿತು, ಅವನ ಪಾಲಿಗೆ ಪೂರ್ತಿ ಹೋಯಿತು, ಆದರೂ ಅವಳ ಕೈ ಅಲ್ಲೇ — ಎರಡೂ ಕೈ, ಎರಡೂ ಕಿವಿಯ ಮೇಲೆ.