ಹೀರೆ ನಾರಿನ ಮರಗಳು

ಬೇಲಿಯ ತುಂಬ ಹೀರೆಬಳ್ಳಿ ಹಬ್ಬಿದಾಗ ಅಕ್ಕ ಒಂದು ಸಾಲಿನ ಕಾಯಿಗೆ ಮಾತ್ರ ಕತ್ತಿ ಮುಟ್ಟಿಸುತ್ತಿರಲಿಲ್ಲ. ಹಳ್ಳದ ಕಡೆಯ ಆ ಸಾಲು ತಮ್ಮನದು. ಕಾಯಿ ಬಲಿತು, ಬಳ್ಳಿಯಲ್ಲೇ ಒಣಗಿ, ಗಾಳಿ ಬೀಸಿದಾಗ ಒಳಗಿನ ಬೀಜ ಗಲಗಲ ಅನ್ನುವ ಹೊತ್ತಿಗೆ ಅವನು ಪೇಟೆಯಿಂದ ಖಾಲಿ ಗೋಣಿಚೀಲ ಹಿಡಿದು ಬರುತ್ತಿದ್ದ. ಕಟ್ಟೆಯ ಮೇಲೆ ಕೂತು ಸಿಪ್ಪೆ ಸುಲಿಯುತ್ತಿದ್ದ. ಬೀಜ ಉದುರಿಸಿ ಅಕ್ಕನ ಮೊರಕ್ಕೆ ಹಾಕಿ, ನಾರನ್ನಷ್ಟೇ ಚೀಲಕ್ಕೆ ತುಂಬುತ್ತಿದ್ದ.

"ಮೈ ಉಜ್ಜೋಕೆ ಇಷ್ಟೊಂದಾ? ಅಂಥ ಕೊಳೆ ಏನಿದೆಯೋ ನಿನ್ನ ಮೈಮೇಲೆ?" ಎಂದು ಮೊದಲ ಸಲ ಅವಳು ಕೇಳಿದ್ದಳು.

"ಮರ ಮಾಡ್ತೀನಕ್ಕ."

ಅವನ ಹೊಟ್ಟೆಪಾಡೇ ಅದು. ಇನ್ನೂ ಕಟ್ಟದ ಕಟ್ಟಡ, ಇನ್ನೂ ಹಾಕದ ರಸ್ತೆಗಳನ್ನು ಮೇಜಿನ ಮೇಲೆ ಪುಟ್ಟದಾಗಿ ಮಾಡಿ ತೋರಿಸುವ ಒಂದು ಕಡೆ ಅವನು ಕೆಲಸಕ್ಕಿದ್ದ. ಥರ್ಮಾಕೋಲಿನ ಗುಡ್ಡ, ರಟ್ಟಿನ ಮನೆ, ಉಪ್ಪುಕಾಗದದ ರಸ್ತೆ. ಹೀರೆ ನಾರನ್ನು ಚೂರು ಮಾಡಿ ಹಸಿರು ಬಣ್ಣದಲ್ಲಿ ಅದ್ದಿ ತಂತಿಯ ತುದಿಗೆ ಅಂಟಿಸಿದರೆ ಮರ. ಅಕ್ಕನಿಗೆ ಇದು ಎಷ್ಟು ಹಿಡಿಸಿತೆಂದರೆ, ಸಂತೆಯಲ್ಲಿ ಬದನೆಕಾಯಿ ಕೊಳ್ಳಲು ಬಂದವರಿಗೂ ಹೇಳದೆ ಬಿಡುತ್ತಿರಲಿಲ್ಲ. "ನಮ್ಮ ಬೇಲಿ ಮರಗಳು ದೊಡ್ಡ ದೊಡ್ಡ ಆಫೀಸಲ್ಲಿ ನಿಂತಿವೆ. ನೀರೂ ಬೇಡ, ಗೊಬ್ಬರನೂ ಬೇಡ."

ಪಕ್ಕದ ಹೊಲದ ಎಮ್ಮೆ ಮಾವ, ಎಮ್ಮೆ ಸಾಕುವವನು, ಎಮ್ಮೆಗಿಂತ ನಿಧಾನ ನಡೆಯುವವನು, ಒಮ್ಮೆ ಕೇಳಿದ: "ನೆರಳು ಕೊಡ್ತಾವೇನಮ್ಮ?"

"ಇರುವೆಗೆ ಕೊಡ್ತಾವೆ ಮಾವ."

ಆಮೇಲೆ ಅವರ ಊರು ಪೇಟೆಯೊಳಗೆ ಸೇರಿತು. ಊರು ಎಲ್ಲಿಗೂ ಹೋಗಲಿಲ್ಲ. ಪೇಟೆಯ ಗಡಿಗೆರೆ ಒಂದು ಬೆಳಿಗ್ಗೆ ಎದ್ದು ಬಂದು, ಊರನ್ನು ದಾಟಿ, ಹಳ್ಳದ ಆಚೆ ಹೋಗಿ ಕೂತಿತು. ದೊಡ್ಡ ರಸ್ತೆಯ ಪಕ್ಕ ಮೊದಲು ಸುಣ್ಣದ ಗೆರೆಗಳು ಬಂದವು, ಆಮೇಲೆ ಕಲ್ಲುಗಳು, ಆಮೇಲೆ ಏಳು ಮಹಡಿಯ ಒಂದು ಕಟ್ಟಡ ಬಂದು ಮಧ್ಯಾಹ್ನದ ಬಿಸಿಲನ್ನು ಅಕ್ಕನ ಟೊಮೇಟೊ ಮಡಿಗಳಿಂದ ಎತ್ತಿಕೊಂಡು ಹೋಯಿತು. ಅಕ್ಕ ಟೊಮೇಟೊ ಮಡಿಗಳನ್ನು ಹಳ್ಳದ ಕಡೆ ಸರಿಸಿದಳು. ಸರಿಯಲು ಇನ್ನೂ ಜಾಗವಿದೆ ಅಂದುಕೊಂಡಿದ್ದಳು.

ಮೈಕು ಕಟ್ಟಿದ ಆಟೋ ಒಂದು ಊರೆಲ್ಲ ಸುತ್ತಿ ಹೋಯಿತು. ನಗರಾಭಿವೃದ್ಧಿ ಮತ್ತು ಭೂಬಳಕೆ ಯೋಜನೆ, ಶಾಲೆಯಲ್ಲಿ ಸಭೆ, ಎಲ್ಲರೂ ಬಂದು ಅಭಿಪ್ರಾಯ ಹೇಳಬೇಕು. ಅಕ್ಕ ಅಭಿಪ್ರಾಯ ಸಿದ್ಧ ಮಾಡಿಕೊಂಡಳು: ಹಳ್ಳಕ್ಕೆ ಕಟ್ಟಡದ ಕೊಳಕು ನೀರು ಬಿಡಬಾರದು, ಹೊಲಕ್ಕೆ ಹೋಗುವ ದಾರಿ ಸರಿ ಮಾಡಿಸಬೇಕು. ಎರಡೇ ಮಾತು. ಬಾವಿಯ ನೀರು ಹಾಯಿಸುತ್ತ ಅದನ್ನೇ ಬಾಯಿಪಾಠ ಮಾಡಿದಳು.

ಶಾಲೆಯ ದೊಡ್ಡ ಕೋಣೆಯಲ್ಲಿ ಬೆಂಚುಗಳನ್ನು ಜೋಡಿಸಿ, ಅದರ ಮೇಲೆ ಮಂಚದಷ್ಟು ದೊಡ್ಡದೊಂದನ್ನು ಇಟ್ಟು ಬಿಳಿ ಬಟ್ಟೆ ಹೊದಿಸಿದ್ದರು. ಮೂಲೆಯಲ್ಲಿ ತಮ್ಮ ನಿಂತಿದ್ದ. ಕೈಯಲ್ಲಿ ಅಂಟಿನ ಡಬ್ಬಿ, ಕಿವಿಯ ಮೇಲೆ ಕುಂಚ. ಅಕ್ಕನ ಮುಖ ಅರಳಿತು. "ಏನೋ, ನಮ್ಮೂರಿಗೆ ಬರೋನು ಒಂದು ಮಾತು ಹೇಳೋದಲ್ವೇನೋ? ಊಟಕ್ಕೆ ಮನೆಗೆ ಬಾ."

"ನೋಡೋಣ ಅಕ್ಕ," ಎಂದ ತಮ್ಮ, ಡಬ್ಬಿಯ ಮುಚ್ಚಳ ತಿರುಗಿಸುತ್ತ. ಅವಳ ಮುಖ ನೋಡಲಿಲ್ಲ.

ಯೋಜನಾಧಿಕಾರಿ ಸಣ್ಣ ವಯಸ್ಸಿನವರು, ಮಾತು ಮೆದು. ಕೈಯಲ್ಲೊಂದು ತೆಳ್ಳನೆಯ ಕೋಲು ಹಿಡಿದೇ ಇರುತ್ತಿದ್ದುದರಿಂದ ಊರವರು ಆಗಲೇ ಅವರಿಗೆ ಕಡ್ಡಿ ಸಾಹೇಬ ಎಂದು ಹೆಸರಿಟ್ಟಾಗಿತ್ತು. ಅವರು ಬಟ್ಟೆ ಎಳೆದರು. ಜನ "ಓ" ಎಂದು ಮುಂದೆ ನುಗ್ಗಿದರು.

ಚೆಂದವಿತ್ತು. ಅದನ್ನು ಅಕ್ಕ ಒಪ್ಪಲೇಬೇಕು. ಒಂದು ಗುಂಡಿಯೂ ಇಲ್ಲದ ರಸ್ತೆಗಳು, ಬೆಂಕಿಪೊಟ್ಟಣದಂಥ ಮನೆಗಳು, ಉಗುರಿನಷ್ಟು ಕಾರುಗಳು. ಎಲ್ಲರೂ ತಮ್ಮ ತಮ್ಮ ಮನೆ ಹುಡುಕತೊಡಗಿದರು. ಎಮ್ಮೆ ಮಾವನ ಕೊಟ್ಟಿಗೆ ಇದ್ದ ಕಡೆ ಕಾರು ನಿಲ್ಲಿಸುವ ಅಂಗಳವಿತ್ತು. "ಎಮ್ಮೆ ಹೋಗಿ ಕಾರು ಬಂತು, ನನ್ನ ನಸೀಬು ಖುಲಾಯಿಸ್ತು ಬಿಡಿ," ಎಂದು ಅವನು ನಕ್ಕ. ಯಾರೂ ಜೊತೆಗೆ ನಗಲಿಲ್ಲ.

ಅಕ್ಕ ಹಳ್ಳವನ್ನು ಹಿಡಿದು ಹೋದಳು. ಮೊಣಕೈ ಮಡಿಸಿದ ಹಾಗೆ ಹಳ್ಳ ತಿರುಗುವ ಜಾಗ ಸಿಕ್ಕಿತು. ಆ ಮೊಣಕೈ ಒಳಗೇ ಅವಳ ಹೊಲ. ಅಲ್ಲಿ ಮಡಿ ಇರಲಿಲ್ಲ, ಪಂಪಿನ ಮನೆ ಇರಲಿಲ್ಲ, ಬೇಲಿ ಇರಲಿಲ್ಲ. ನುಣ್ಣಗೆ ಹಸಿರು ಪುಡಿ ಉದುರಿಸಿದ್ದರು. ಹಾವಿನಂತೆ ಡೊಂಕಾದ ಕಾಲುದಾರಿ, ಕಲ್ಲುಬೆಂಚು, ಬೆಂಚಿನ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತ ಅಕ್ಕಿಕಾಳಿನಷ್ಟು ಒಬ್ಬ ಮನುಷ್ಯ. ಸುತ್ತ ಮರಗಳ ಗುಂಪು.

"ಸಾಹೇಬ್ರೇ, ಇದೇನಿದು?"

ಕೋಲು ಅವಳ ಹೊಲದ ಮೇಲೆ ಬಂದು ನಿಂತಿತು. "ಇದು ನಮ್ಮ ಯೋಜನೆಯ ಹೆಮ್ಮೆ ತಾಯಿ. ಹಸಿರು ವಲಯ. ಸುತ್ತ ಎಷ್ಟೇ ಕಟ್ಟಡ ಬಂದ್ರೂ ಈ ಜಾಗ ಹಸಿರಾಗೇ ಇರಬೇಕು ಅಂತ."

"ಈಗ ಯಾವ ಬಣ್ಣ ಇದೆ?"

ಸಾಹೇಬರಿಗೆ ಅರ್ಥವಾಗಲಿಲ್ಲ. ಅಥವಾ ಆಯಿತೋ ಏನೋ, ಮುಗುಳ್ನಕ್ಕರು. "ನೋಡಿ ತಾಯಿ, ಬೇಸಾಯದ ಜಮೀನು ಅಂತ ಬಿಟ್ರೆ ನಾಳೆ ಕಟ್ಟಡದೋರು ಬಂದು ನುಂಗ್ತಾರೆ. ಉದ್ಯಾನ ಅಂತ ಗುರುತು ಹಾಕಿದ್ರೆ ಯಾರೂ ಮುಟ್ಟೋಕಾಗಲ್ಲ."

"ನಾನೂ ಮುಟ್ಟೋಕಾಗಲ್ವಲ್ಲ."

"ನಿಮಗೆ ಅಲ್ಲೇ ಮಾಲಿ ಕೆಲಸ ಕೊಡ್ಸೋಣ. ಗಿಡಗಳ ಬಗ್ಗೆ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?"

ಅವರು ಅದನ್ನು ನಿಜವಾದ ಮನಸ್ಸಿನಿಂದಲೇ ಹೇಳಿದರು. ಅದೇ ಅವಳ ಮೈ ಉರಿಸಿತು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಅವಳದೇ ಮಣ್ಣಿನಲ್ಲಿ ಅವಳಿಗೇ ಕೆಲಸ ಕೊಡಿಸುವ ಔದಾರ್ಯಕ್ಕೆ ಏನೆಂದು ಉತ್ತರ ಕೊಡುವುದು? ಬಾಯಿಪಾಠ ಮಾಡಿದ್ದ ಎರಡು ಮಾತೂ ಅವಳಿಗೆ ಮರೆತುಹೋದವು. ಕೊಳಕು ನೀರು ಬಿಡಬೇಡಿ ಎಂದು ಕೇಳಲು ಬಂದಿದ್ದಳು. ಇಲ್ಲಿ ಅವಳನ್ನೇ ಒರೆಸಿ ಹಾಕಿ, ಒರೆಸಿದ ಜಾಗಕ್ಕೆ ಬೆಂಚು ಇಟ್ಟಿದ್ದರು.

ಅವಳು ಬಗ್ಗಿ ನೋಡಿದಳು. ಅಷ್ಟು ಹತ್ತಿರದಿಂದ ಕಂಡದ್ದು ಆ ಮರಗಳು. ಹಸಿರು ಬಣ್ಣದ ಕೆಳಗೆ, ಬಲೆ ಬಲೆಯಾಗಿ ಹೆಣೆದುಕೊಂಡ ಎಳೆಗಳು. ಒಂದು ಮರದ ನೆತ್ತಿಯಲ್ಲಿ ಚೂರು ಕರಿ ಬೀಜ ಸಿಕ್ಕಿಕೊಂಡಿತ್ತು. ತಮ್ಮ ಆತುರದಲ್ಲಿ ಸರಿಯಾಗಿ ಉದುರಿಸಿರಲಿಲ್ಲ.

ಹೀರೆ ನಾರು. ಅವಳ ಬೇಲಿಯದೇ.

ಅವಳು ತಲೆ ಎತ್ತಿ ಮೂಲೆ ಕಡೆ ನೋಡಿದಳು. ತಮ್ಮ ಗೋಡೆಗೆ ಇನ್ನಷ್ಟು ಒತ್ತಿಕೊಂಡ.

"ನೀನೇ ಮಾಡಿದ್ದೇನೋ ಇದು?"

"ನಕ್ಷೆ ಕೊಟ್ಟಿದ್ರು ಅಕ್ಕ. ಅದರಲ್ಲಿದ್ದ ಹಾಗೆ ಮಾಡ್ದೆ."

"ಈ ಹಳ್ಳದ ತಿರುವು ಮಾಡುವಾಗ ಗೊತ್ತಾಗಲಿಲ್ವಾ ಇದು ಯಾವ ಜಾಗ ಅಂತ? ಇಲ್ಲೇ ಅಲ್ವೇನೋ ನೀನು ನಡೆಯೋಕೆ ಕಲ್ತಿದ್ದು?"

"ಗೊತ್ತಾಯ್ತು. ಅದಕ್ಕೇ ನಿನ್ನ ಬಾವಿ ಬಿಡಲಿಲ್ಲ." ಅವನು ಡಬ್ಬಿ ಹಿಡಿದ ಕೈಯಿಂದಲೇ ತೋರಿಸಿದ. "ನಕ್ಷೆಯಲ್ಲಿ ಬಾವಿ ಇರಲಿಲ್ಲ. ನಾನೇ ಇಟ್ಟೆ. ನೋಡು, ಬೆಂಚಿನ ಹಿಂದೆ."

ಇತ್ತು. ಅಂಗಿಯ ಗುಂಡಿಯಷ್ಟು ಅಗಲದ ನೀಲಿ ಬಿಲ್ಲೆ. ಅದರ ನಟ್ಟನಡುವಿನಿಂದ ಬೆಳ್ಳಿಯಂಥ ತಂತಿಗಳು ಮೇಲೆದ್ದು ಬಾಗಿದ್ದವು.

"ಇದೇನು ಮೇಲೆ?"

ಉತ್ತರ ಕೊಟ್ಟವರು ಸಾಹೇಬರು. "ಕಾರಂಜಿ. ಆ ಗುಂಡಗಿನ ನೀರು ನೋಡಿ ಇಲ್ಲೊಂದು ಕಾರಂಜಿ ಇರಲಿ ಅಂತ ನಮಗೇ ಹೊಳೀತು, ಹೇಳಿ ಮಾಡಿಸಿದ್ವಿ. ನಿಮ್ಮ ತಮ್ಮನ ಕಲ್ಪನೆ ಚೆನ್ನಾಗಿದೆ."

ಆಮೇಲೆ ನಡೆದದ್ದನ್ನು ಊರವರು ತಮಗೆ ಬೇಕಾದಂತೆ ಹೇಳುತ್ತಾರೆ. ಅಕ್ಕ ಕೂಗಾಡಿದಳು ಎಂದು ಕೆಲವರು, ಶಾಲೆಯ ಬೆಂಚು ಉರುಳಿಸಿದಳು ಎಂದು ಕೆಲವರು. ಅವಳು ಎರಡನ್ನೂ ಮಾಡಲಿಲ್ಲ. ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ಎಡಗೈ ಮೇಲೆ ಹರಡಿದಳು. ಬಲಗೈಯಲ್ಲಿ ಮೊದಲ ಮರ ಕಿತ್ತಳು. ಕಳೆ ಕೀಳುವವರು ಕೀಳುವ ಹಾಗೆ, ಬುಡಕ್ಕೆ ಬೆರಳು ಹಾಕಿ, ಒಂದು ಸಲ ತಿರುಚಿ. ಎರಡನೆಯದು ಕಿತ್ತಳು. ಆಮೇಲೆ ಅವಳ ಕೈ ತಾನಾಗಿ ಓಡಿತು.

"ತಾಯಿ, ತಾಯಿ, ಇದು ಇಲಾಖೆಯ ಆಸ್ತಿ."

"ರಸ್ತೆ ನಿಮ್ಮದು, ಇಟ್ಕೊಳ್ಳಿ. ಬೆಂಚು ನಿಮ್ಮದು, ಆ ಕಾಲ ಮೇಲೆ ಕಾಲು ಹಾಕಿ ಕೂತಿರೋ ಮಹಾರಾಯನೂ ನಿಮ್ಮೋನೇ. ಮರ ನಂದು. ನನ್ನ ಬೇಲಿ ಮೇಲೆ ಬೆಳೆದದ್ದು, ನನ್ನ ಬಾವಿ ನೀರು ಕುಡಿದದ್ದು. ಇಲ್ಲಿ ಏನೂ ಇಲ್ಲ ಅಂತ ತೋರಿಸೋಕೂ ನನ್ನ ಹೊಲದ್ದೇ ಬೇಕಾಯ್ತಾ ನಿಮಗೆ?"

ಎಮ್ಮೆ ಮಾವ ನಿಧಾನವಾಗಿ ಮುಂದೆ ಬಂದು ತನ್ನ ಕೊಟ್ಟಿಗೆಯ ಮೇಲೆ ನಿಂತಿದ್ದ ಕಾರುಗಳನ್ನು ಒಂದೊಂದಾಗಿ ಎತ್ತಿ ಶಾಲೆಯ ಬೆಂಚಿನ ಅಂಚಿಗೆ ಸಾಲಾಗಿ ಇಟ್ಟ. "ನಿಲ್ಲಿಸೋಕೆ ಬೇರೆ ಜಾಗ ನೋಡ್ಕೊಳ್ಳಿ," ಎಂದ. ಈ ಸಲ ಜನ ನಕ್ಕರು. ಆ ನಗುವಿನಲ್ಲಿ ಹಿತವಾದದ್ದೇನೂ ಇರಲಿಲ್ಲ.

ಸಾಹೇಬರು ತಮ್ಮನ ಕಡೆ ತಿರುಗಿದರು. "ನೋಡ್ತಾ ನಿಂತಿದ್ದೀರಲ್ಲ. ಅಂಟಿಸಿ ಮತ್ತೆ."

ತಮ್ಮ ಡಬ್ಬಿ ಹಿಡಿದು ಎರಡು ಹೆಜ್ಜೆ ಬಂದ. ಅಕ್ಕ ಬಟ್ಟೆಯ ಗಂಟನ್ನು ಎದೆಗೆ ಒತ್ತಿಕೊಂಡು ಅವನ ಎದುರಿಗೆ ನಿಂತಳು. ಬಾ, ಕಿತ್ಕೋ ಅನ್ನುವ ಹಾಗೆ. ಅವನು ಅಕ್ಕನ ಕೈ ನೋಡಿದ, ಸಾಹೇಬರ ಕೋಲು ನೋಡಿದ, ಅಂಟಿನ ಡಬ್ಬಿಯನ್ನು ಬೆಂಚಿನ ಮೇಲಿಟ್ಟು ಹೊರಗೆ ಹೋದ. ಧೈರ್ಯದಿಂದ ಹೋದನೋ ಹೆದರಿ ಹೋದನೋ ಅಕ್ಕನಿಗೆ ತಿಳಿಯಲಿಲ್ಲ. ತಿಳಿದುಕೊಳ್ಳುವ ತಾಳ್ಮೆಯೂ ಅವಳಿಗಿರಲಿಲ್ಲ.

ಸಭೆ ಮುಂದಕ್ಕೆ ಹೋಯಿತು. ಮುಂದಿನ ತಿಂಗಳು, ಮಾದರಿ ರಿಪೇರಿ ಆದಮೇಲೆ. ಅದನ್ನು ಮೈಕಿನಲ್ಲಿ ಹೇಳುವಾಗ ಸಾಹೇಬರ ದನಿ ಮೊದಲಿನಷ್ಟೇ ಮೆದುವಾಗಿತ್ತು. ಯೋಜನೆ ಹಾಗೇ ಇದೆ, ಮರವಷ್ಟೇ ಕಮ್ಮಿಯಾಗಿದೆ, ಎಂಬಂತೆ.

ಮನೆಗೆ ಬಂದು ಅಕ್ಕ ಬಟ್ಟೆಯನ್ನು ಒಗೆದಳು. ಹಸಿರು ಬಣ್ಣ ಹೋಗಲಿಲ್ಲ. ಮತ್ತೆ ಒಗೆದಳು, ಕಲ್ಲಿಗೆ ಬಡಿದಳು. ಹಸಿರು ಇನ್ನಷ್ಟು ಹರಡಿಕೊಂಡಿತು.

ಭಾನುವಾರ ಬೆಳಿಗ್ಗೆ ತಮ್ಮ ಹೊಲಕ್ಕೆ ಬಂದಾಗ ಅವಳು ಹಳ್ಳದ ಕಡೆಯ ಸಾಲಿನಲ್ಲಿದ್ದಳು. ಕತ್ತಿ ಹಿಡಿದು, ಎಳೆ ಹೀರೆಕಾಯಿಗಳನ್ನೆಲ್ಲ ಕೊಯ್ದು ಬುಟ್ಟಿಗೆ ಹಾಕುತ್ತಿದ್ದಳು. ಬೆರಳುದ್ದದ್ದನ್ನೂ ಬಿಡದೆ. ಅವನ ಕೈಯಲ್ಲಿ ಈ ಸಲ ಚೀಲವಿರಲಿಲ್ಲ.

"ಇದು ನನ್ನ ಸಾಲಲ್ವಾ ಅಕ್ಕ?"

"ಆಗಿತ್ತು."

ಅವನು ಬೇಲಿಯ ಆಚೆಯೇ ನಿಂತ. ಅವಳು ಒಳಗೆ ಬಾ ಎನ್ನಲಿಲ್ಲ.

"ನಾನು ಮಾಡದಿದ್ರೆ ಇನ್ಯಾರೋ ಮಾಡ್ತಿದ್ರು," ಎಂದ.

"ಮಾಡಲಿ. ಇನ್ಯಾರೋ ನನ್ನ ಬಾವಿ ಮೇಲೆ ಕಾರಂಜಿ ನಿಲ್ಲಿಸಿದ್ರೆ ಅವನಿಗೆ ನಾಲ್ಕು ಬೈದು ನಿದ್ದೆ ಮಾಡ್ತಿದ್ದೆ. ನೀನು ನನ್ನ ಅಂಗಳದಲ್ಲೇ ಕೂತು ನಾರು ಸುಲಿದೆಯಲ್ಲೋ. ನನ್ನ ಕೈಯಲ್ಲೇ ಚೀಲದ ಬಾಯಿ ಹಿಡಿಸಿದೆಯಲ್ಲ. ಆವಾಗಲೇ ಗೊತ್ತಿತ್ತಾ ನಿನಗೆ?"

ತಮ್ಮ ಬೇಲಿಯ ಒಂದು ಎಲೆಯನ್ನು ಮಡಿಸಿ ಬಿಡಿಸಿ ಮಾಡಿದ. "ಗೊತ್ತಿತ್ತು."

ಅವಳ ಕತ್ತಿ ಒಂದು ಕ್ಷಣ ನಿಂತು ಮತ್ತೆ ಹೊರಟಿತು.

"ಮುಂದಿನ ಸಭೆಗೆ ಮರ ಬೇಕಂತೆ," ಎಂದ ಅವನು. "ನಾನು ಆಗಲ್ಲ ಅಂದೆ. ಬೇರೆಯವನಿಗೆ ಕೊಟ್ಟಿದ್ದಾರೆ. ಪೇಟೆಯಿಂದ ಪ್ಲಾಸ್ಟಿಕ್ ಮರ ತರಿಸ್ತಾನಂತೆ."

"ಒಳ್ಳೇದಾಯ್ತು. ಅವಕ್ಕೂ ನೀರು ಬೇಡ."

"ನಾನೇನು ಮಾಡ್ಲಿ ಹೇಳು."

"ಎಲ್ಲರ ಮುಂದೆ ನಿಂತು ಹೇಳು. ಇಲ್ಲಿ ಬಾವಿ ಇದೆ, ಕಾರಂಜಿ ಅಲ್ಲ ಅಂತ. ಇಲ್ಲಿ ಒಬ್ಬಳು ಇದ್ದಾಳೆ, ವರ್ಷವಿಡೀ ಬೆಳೀತಾಳೆ, ಇದು ಖಾಲಿ ಜಾಗ ಅಲ್ಲ ಅಂತ. ಆ ಕೋಣೇಲಿ ಅಷ್ಟು ಜನರಲ್ಲಿ ನಿನಗೊಬ್ಬನಿಗೇ ಮೊದಲೇ ಗೊತ್ತಿತ್ತು, ನೀನೇ ಬಾಯಿಗೆ ಬೀಗ ಹಾಕ್ಕೊಂಡು ನಿಂತೆ."

"ಕೆಲಸ ಹೋಗುತ್ತೆ ಅಕ್ಕ."

"ನನ್ನದು ಹೋಗಲ್ವಾ?"

ಬುಟ್ಟಿ ತುಂಬಿತು, ಸಾಲು ಬೋಳಾಯಿತು. ಕೊನೆಯ ಬಳ್ಳಿಯ ಹತ್ತಿರ ಬಂದು ಅವಳು ಕತ್ತಿಯನ್ನು ಸೊಂಟಕ್ಕೆ ಸಿಕ್ಕಿಸಿದಳು. ಎಲೆಗಳ ಮರೆಯಲ್ಲಿ ಒಂದೇ ಒಂದು ಕಾಯಿ, ಆಗಲೇ ಬಲಿಯಲು ಹತ್ತಿದ್ದು, ತೊಟ್ಟು ಗಟ್ಟಿಯಾಗಿ ನೇತಾಡುತ್ತಿತ್ತು.

"ಅದೊಂದು ಬಿಟ್ಟೆಯಲ್ಲ," ಎಂದ ತಮ್ಮ. ಅವನ ದನಿಯಲ್ಲಿ ಆಸೆಯಂಥದ್ದೇನೋ ಇತ್ತು.

"ನಿನಗಲ್ಲ. ಬೀಜಕ್ಕೆ."

ಅವಳು ತಲೆಯ ಬಟ್ಟೆ ಬಿಚ್ಚಿ, ಹಸಿರು ಕಲೆಯಾಗಿದ್ದ ಅಂಚನ್ನು ಹಲ್ಲಿನಿಂದ ಕಚ್ಚಿ ಪರ್‍ರನೆ ಹರಿದಳು. ಆ ಪಟ್ಟಿಯನ್ನು ಕಾಯಿಯ ತೊಟ್ಟಿಗೆ ಕಟ್ಟಿದಳು, ಯಾರೂ ಮರೆತು ಕೊಯ್ಯದ ಹಾಗೆ.

"ಮುಂದಿನ ವರ್ಷಕ್ಕಾ?" ಎಂದು ತಮ್ಮ ಕೇಳಿದ. ಕೇಳಬಾರದಿತ್ತು ಎಂದು ಅವನಿಗೇ ಅನ್ನಿಸಿರಬೇಕು.

"ಮುಂದಿನ ವರ್ಷಕ್ಕೇ. ಇದೇ ಬೇಲಿಗೆ." ಅವಳು ಗಂಟನ್ನು ಇನ್ನೊಮ್ಮೆ ಎಳೆದು ಬಿಗಿ ಮಾಡಿದಳು. "ನಿನ್ನ ಸಾಹೇಬನಿಗೆ ಹೇಳ್ತೀಯೋ ಇಲ್ವೋ, ಅದು ನಿನಗೆ ಬಿಟ್ಟದ್ದು. ಹೇಳೋ ಹಾಗಿದ್ರೆ ಸಭೆಗೆ ಬಾ. ಇಲ್ಲದಿದ್ರೆ ಈ ಕಡೆ ಬರಬೇಡ."

ಬುಟ್ಟಿಯನ್ನು ತಲೆಗೇರಿಸಿಕೊಂಡು ಅವಳು ಪಂಪಿನ ಮನೆ ಕಡೆ ನಡೆದಳು. ಮೋಟಾರು ಗುರ್ ಎಂದು ಎದ್ದಿತು. ಬಾವಿಯ ನೀರು ಕಾಲುವೆಗೆ ಬಿದ್ದು, ಬದನೆ ಸಾಲಿನ ಬುಡ ಹಿಡಿದು, ಬೇಲಿಯವರೆಗೆ ಬಂತು. ತಮ್ಮ ಇನ್ನೂ ಅಲ್ಲೇ ನಿಂತಿದ್ದ. ಅವಳು ತಿರುಗಿ ನೋಡಲಿಲ್ಲ.