ಕಣದಲ್ಲಿ ಹೂತ ತಂತಿ

ಭಾನುವಾರ ಸಂಜೆ ನಾಲ್ಕೂವರೆಗೆ ಬೆಂಗಳೂರು ಆಕಾಶವಾಣಿಯಲ್ಲಿ ಹಾಡುತ್ತೇನೆಂದು ಯಮುನಳ ಕಾಗದ ಬಂದದ್ದೇ ತಡ, ಸಂಪಾಜೆಯ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಪೂವಯ್ಯ ಬ್ಯಾಟರಿ ರೇಡಿಯೋ ತಂದುಬಿಟ್ಟ. ಯಮುನ ಅವನ ಹೆಂಡತಿ ಗಂಗಮ್ಮನ ತಂಗಿ. ತಾಯಿಯಿಲ್ಲದ ಮಗುವನ್ನು ಸಾಕಿ ದೊಡ್ಡದು ಮಾಡಿದವಳು ಗಂಗಮ್ಮನೇ. ಟೀಚರ್ ಟ್ರೈನಿಂಗಿಗೆ ಹೋದವಳ ದನಿ ಕೇಳದೆ ಒಂದೂವರೆ ವರ್ಷವಾಗಿತ್ತು.

ರೇಡಿಯೋ ಜೋಡಿಸಲು ಅಂಗಡಿಯವನು ಭಾನುವಾರ ಕಳೆದು ಬುಧವಾರ ಬರುತ್ತೇನೆಂದಿದ್ದ.

"ಬುಧವಾರ ಬಂದು ಎಂತ, ಪೆಟ್ಟಿಗೆಗೆ ಮಂಗಳಾರತಿ ಎತ್ಲಿಕ್ಕಾ? ಜೋಡಿಸುವ ಪುಸ್ತಕ ಒಟ್ಟಿಗೇ ಉಂಟು, ನಾನೇ ಕೂರಿಸ್ತೇನೆ. ನಿನ್ನ ತಂಗಿಯ ಹಾಡು ನೀನು ಕೇಳಿಯೇ ಕೇಳ್ತಿ," ಎಂದು ಪೂವಯ್ಯ ಹೆಂಡತಿಗೆ ಮಾತು ಕೊಟ್ಟ.

ಭಾನುವಾರ ಊಟ ಮುಗಿಸಿ ಜಗಲಿಯಲ್ಲಿ ಇಂಗ್ಲಿಷ್ ಪುಸ್ತಕ ಬಿಡಿಸಿದ. ಎಸ್ಟೇಟ್ ಬಿಟ್ಟುಹೋದ ಬಿಳಿ ದೊರೆಯ ಹಾಗೆ ಮೂಗಿನಲ್ಲೇ ಓದಿದ: "ವಾಲ್ವ್ ನಂಬರ್ ತ್ರೀ... ಜೆಂಟ್ಲಿ, ಪೂವಾಯಾ, ಜೆಂಟ್ಲಿ!" ಗಾಜಿನ ವಾಲ್ವುಗಳು ನಾಲ್ಕು, ಒಂದೊಂದಕ್ಕೂ ಅದರದ್ದೇ ನಂಬರು, ಅದರದ್ದೇ ಗೂಡು. ಪಂಕ್ತಿಯಲ್ಲಿ ಬೀಗರನ್ನು ಕೂರಿಸುವಷ್ಟು ಜಾಗ್ರತೆಯಿಂದ ಅವನ್ನು ಕೂರಿಸಿದ. ಪಕ್ಕದ ಮನೆಯ ಬೊಳ್ಳಪ್ಪ ಸಿಲ್ವರ್ ಓಕ್ ಮರ ಹತ್ತಿ ಏರಿಯಲ್ ತಂತಿ ಕಟ್ಟಿಕೊಟ್ಟ. ಇನ್ನು ಉಳಿದದ್ದು ಅರ್ತ್ ತಂತಿ: ಅದನ್ನು ಹತ್ತಿರದ ನೆಲದಲ್ಲಿ ಹೂಳಬೇಕಂತೆ. ಜಗಲಿಗೆ ಹತ್ತಿರದ ನೆಲವೆಂದರೆ ಕಾಫಿ ಒಣಹಾಕಿದ ಕಣ. ಮೂಲೆಯ ಕಾಫಿಯನ್ನು ಸರಿಸಿ, ಸಗಣಿ ಸಾರಿಸಿದ ನೆಲಕ್ಕೆ ಕಬ್ಬಿಣದ ಸರಳು ಬಡಿದು ತಂತಿ ಸುತ್ತಿದ.

ನಾಲ್ಕು ಇಪ್ಪತ್ತಕ್ಕೆ ಗುಂಡಿ ತಿರುಗಿಸಿದರೆ ರೇಡಿಯೋ "ಕೊಂಯ್..." ಎಂದು ಎದ್ದು "ಬುಸ್ಸ್" ಎಂದು ಕುಳಿತಿತು.

"ಪೂವಯ್ಯಣ್ಣ, ಅಂಗಡಿಯವ ಹಾವಾಡಿಗನ ಪೆಟ್ಟಿಗೆ ಕೊಟ್ಟನಾ ಹೇಗೆ?" ಎಂದ ಬೊಳ್ಳಪ್ಪ.

ಪೂವಯ್ಯ ಬೆವರುತ್ತ ಪುಟ ಮಗುಚಿದ. ಅರ್ತ್ ಹಾಕಿದ ನೆಲ ಸದಾ ಒದ್ದೆಯಾಗಿರಬೇಕು, ಇಲ್ಲದಿದ್ದರೆ ದೂರದ ಸ್ಟೇಷನ್ ಸಿಗದು ಎಂದಿತ್ತು. ಅವನು ಸರಳು ಬಡಿದದ್ದೋ, ಒಂದು ತಿಂಗಳಿಂದ ಇಬ್ಬನಿಯೂ ತಾಗದಂತೆ ಗಂಗಮ್ಮ ಕಾದ ನೆಲಕ್ಕೆ!

"ಒಂದ್ ಚೊಂಬು ನೀರು..." ಎಂದು ರಾಗ ಎಳೆದ.

"ಕಣಕ್ಕಾ?" ಗಂಗಮ್ಮ ಪೊರಕೆ ಎತ್ತಿದಳು. "ಒಂದು ಹನಿ ಬೀಳ್ಲಿ, ನಿಮ್ಮನ್ನೇ ಹರವಿ ಒಣಗಿಸ್ತೇನೆ!"

ಸರಳು ಕಿತ್ತು ಬಾವಿಯ ಹತ್ತಿರ ಹೂಳೋಣವೆಂದರೆ ತಂತಿ ಅರ್ಧ ದೂರಕ್ಕೂ ಎಟುಕಲಿಲ್ಲ. ತಿರುಗಿ ಕಣದಲ್ಲೇ ಬಡಿದು, ಕೊಟ್ಟ ಮಾತು ಹೋಯಿತೆಂದು ಪೂವಯ್ಯ ತಲೆಯ ಮೇಲೆ ಕೈಹೊತ್ತು ಕೂತ. ಅಷ್ಟರಲ್ಲಿ ಬುಸುಗುಟ್ಟುವಿಕೆಯ ಒಳಗಿಂದ ಯಾರೋ, "...ಈಗ ಕುಮಾರಿ ಯಮುನ..." ಎಂದರು. ಮತ್ತೆ ಬುಸ್ಸ್.

ಗಂಗಮ್ಮನ ಕೈಯಿಂದ ಪೊರಕೆ ಜಾರಿತು. ಒಳಗೆ ಓಡಿದಳು. ತುಂಬಿದ ಕೊಡವನ್ನೇ ಸೊಂಟದಲ್ಲಿಟ್ಟು ತಂದು ಸರಳಿನ ಬುಡಕ್ಕೆ ಬೋರಲು ಹಾಕಿದಳು. ನೀರು ಹರಿದು ಕಾಫಿಯೊಳಗೆ ನುಗ್ಗಿತು. ರೇಡಿಯೋ ಎರಡು ಸಲ ಕೆಮ್ಮಿತು. ಆಮೇಲೆ ಅಡುಗೆಮನೆಯಲ್ಲೇ ನಿಂತು ಹಾಡಿದಷ್ಟು ಹತ್ತಿರದಿಂದ ಯಮುನಳ ದನಿ ಬಂತು.

"ನೋಡಿದ್ಯಾ, ನಾನು ಹೇಳ್ಲಿಲ್ವಾ..." ಎಂದು ಪೂವಯ್ಯ ಶುರುಮಾಡಿದ.

"ಶ್! ಕಾಫಿ ಬಾಚಿ. ಸದ್ದು ಮಾಡ್ಬೇಡಿ."

ಗಂಗಮ್ಮ ರೇಡಿಯೋಗೆ ಕೆನ್ನೆ ತಾಗಿಸಿ ಕಣ್ಣು ಮುಚ್ಚಿದಳು. ಹಾಡು ಮುಗಿಯುವವರೆಗೂ ಪೂವಯ್ಯ, ಬೊಳ್ಳಪ್ಪ ಇಬ್ಬರೂ ಅಂಬೆಗಾಲಿಕ್ಕಿ, ನೆನೆದ ಕಾಫಿಯನ್ನು ಬೊಗಸೆ ಬೊಗಸೆಯಾಗಿ, ಕಳ್ಳರಂತೆ ಬುಟ್ಟಿಗೆ ಇಳಿಸಿದರು.