ಮಡಿಲಿಗೆ ಬಿದ್ದ ಕಾಯಿ

ತಿಪಟೂರಿನಲ್ಲಿ ಆಯುಷ್ಯವಿಡೀ ಕೊಬ್ಬರಿ ವ್ಯಾಪಾರ ಮಾಡಿದ ನನ್ನ ಯಜಮಾನರು, ಕಾಡಸಿದ್ದಪ್ಪನವರು, ತೆಂಗಿನ ತೋಟದ ನೆರಳು ಕಂಡದ್ದು ಅಂಗಡಿ ಮುಚ್ಚಿದ ಮೇಲೆ. ಡಾಕ್ಟರು ನಡೆಯಿರಿ ಅಂದರು. ಊರೊಳಗೆ ನಡೆದರೆ ಎದುರಾದವರೆಲ್ಲ ಕೊಬ್ಬರಿ ರೇಟು ಕೇಳುತ್ತಾರೆ ಅಂತ ಇವರು ರೈಲು ಹತ್ತಿದರು, ನನ್ನನ್ನೂ ಎಳೆದುಕೊಂಡರು. ಪ್ರತಿ ಭಾನುವಾರ ಬೆಳಗಿನ ಪ್ಯಾಸೆಂಜರು. ಬೇರೆ ಯಾವ ಗಾಡಿಯೂ ನಿಲ್ಲದ ಸಣ್ಣ ಸ್ಟೇಷನ್ನಿನಲ್ಲಿ ಇಳಿದು, ತೋಟಗಳ ನಡುವಿನ ಕಾಲುದಾರಿಯಲ್ಲಿ ಕೆರೆ ಏರಿಯವರೆಗೆ ನಡೆದು, ಅದೇ ಗಾಡಿ ಮಧ್ಯಾಹ್ನ ಹಿಂತಿರುಗುವಾಗ ವಾಪಸ್.

ದಾರಿಯಲ್ಲಿ ಪುಟ್ಟಗಂಗಮ್ಮನ ಮನೆ. ಒಮ್ಮೆ ನೀರು ಕೇಳಿದ್ದಕ್ಕೆ ಎಳನೀರು ಕೊಟ್ಟ ಮುದುಕಿ. ಅಂದಿನಿಂದ ಹೋದಾಗಲೆಲ್ಲ ಸೊಸೆ ನಿರ್ಮಲಾಳನ್ನು ಕರೆದು ನನಗೆ ಕುಂಕುಮ ಕೊಡಿಸಿ, ಮಡಿಲಿಗೊಂದು ತೆಂಗಿನಕಾಯಿ ಹಾಕಿಸುತ್ತಿದ್ದಳು. ಮನೆಗೆ ಬಂದ ಮುತ್ತೈದೆಯನ್ನು ಬರಿ ಮಡಿಲಲ್ಲಿ ಕಳಿಸುವವಳಲ್ಲ. ತಾನು ಮಾತ್ರ ಗಂಡ ಇಲ್ಲದವಳು, ತನ್ನ ಕೈಯಿಂದ ಕೊಡಬಾರದು ಅಂತ ಕಂಬದ ಹಿಂದೆ ನಿಲ್ಲುತ್ತಿದ್ದಳು. ಕಾಯಿ ಹೊರುವ ಕೆಲಸ ಯಜಮಾನರದು. ಲೋಡುಗಟ್ಟಲೆ ಕೊಬ್ಬರಿ ಸಾಗಿಸಿದವನಿಗೆ ಕೊನೆಗೆ ಒಂದೇ ಕಾಯಿಯ ಕೂಲಿ ಅಂತ ದಾರಿಯುದ್ದಕ್ಕೂ ಗೊಣಗುತ್ತಿದ್ದರು.

ಮಾಘದಲ್ಲಿ ಅವರು ಹೋಗಿಬಿಟ್ಟರು. ಎದೆ ಹಿಡಿದಂಗಾಯ್ತು ಅಂದವರು ಆಸ್ಪತ್ರೆ ಮುಟ್ಟಲಿಲ್ಲ. ನನಗೆ ಅಳು ಬರಲಿಲ್ಲ. ಕಲ್ಲೆದೆಯವಳು ಅಂತ ಬಂದವರು ಪಿಸುಗುಟ್ಟಿದ್ದು ಕಿವಿಗೆ ಬಿತ್ತು. ವರ್ಷ ತುಂಬುವವರೆಗೆ ಹೊಸಲು ದಾಟಕೂಡದು ಅಂತ, ನನ್ನ ಜೊತೆಗೇ ಉಳಿದ ನಾದಿನಿಯ ಅಪ್ಪಣೆ. ಮೂರು ತಿಂಗಳು ಹಲ್ಲು ಕಚ್ಚಿಕೊಂಡು ಕೂತೆ. ಒಂದು ಭಾನುವಾರ ಅವಳು ಸ್ನಾನಕ್ಕೆ ಹೋದಾಗ ಚಪ್ಪಲಿ ಮೆಟ್ಟಿ ಸ್ಟೇಷನ್ನಿಗೆ ನಡೆದೆ.

ರೈಲಿನಲ್ಲಿ ಒಂದೇ ಚಿಂತೆ. ಪುಟ್ಟಗಂಗಮ್ಮನಿಗೆ ಸುದ್ದಿ ಗೊತ್ತಿಲ್ಲ. ಗೊತ್ತಾದರೆ ಆ ಮನೆಯಲ್ಲೂ ನಾನು ಕಂಬದ ಹಿಂದೆ ನಿಲ್ಲಬೇಕಾದವಳೇ. ಅದೊಂದು ಬಾಗಿಲಾದರೂ ನನಗೆ ಮೊದಲಿನ ಹಾಗೇ ಇರಬೇಕಿತ್ತು. ಪರ್ಸಿನಲ್ಲಿದ್ದ ಸ್ಟಿಕ್ಕರ್ ತೆಗೆದು ಹಣೆಗೆ ಅಂಟಿಸಿಕೊಂಡೆ.

ಮುದುಕಿ ಮೊದಲು ಕೇಳಿದ್ದೇ ಯಜಮಾನರೆಲ್ಲಿ ಅಂತ. ಮಂಡಿ ನೋವು, ಸ್ಟೇಷನ್ನಿನ ಬೆಂಚಿನ ಮೇಲೆ ಕೂತಿದ್ದಾರೆ ಅಂದೆ. ಸುಳ್ಳು ನೀರು ಕುಡಿದಷ್ಟು ಸಲೀಸಾಗಿ ಬಂತು. ನಿರ್ಮಲಾ ಕುಂಕುಮ ಇಟ್ಟಳು, ನಾನು ಸೆರಗೊಡ್ಡಿದೆ, ಕಾಯಿ ಬಿತ್ತು. ಅಲ್ಲಿಗೆ ಗೆದ್ದೆ ಅಂದುಕೊಂಡು ಹೊರಟರೆ, ಮುದುಕಿ ಒಂದು ಎಳನೀರು ಎತ್ತಿಕೊಂಡು ನನ್ನ ಹಿಂದೆಯೇ ಹೊರಟಳು. ಅಷ್ಟು ದೂರ ಬಂದ ಮನುಷ್ಯನನ್ನು ಒಣ ಬಾಯಲ್ಲಿ ಕಳಿಸುವುದುಂಟೇ ಅಂದಳು. ಬೇಡವೆಂದರೆ ಕೇಳುವ ಜೀವವಲ್ಲ.

ದಾರಿಯುದ್ದಕ್ಕೂ ಯಜಮಾನರದೇ ಮಾತು. ಒಣಗರಿ ಬಿದ್ದ ಸದ್ದಿಗೆ ಅವರು ಬೆಚ್ಚಿದ್ದು, ಮೇಲೆ ನೋಡಿಕೊಂಡು ಗೊನೆ ಎಣಿಸಲು ಹೋಗಿ ಕಾಲುವೆಗೆ ಬಿದ್ದದ್ದು. ನೆನೆಸಿಕೊಂಡು ನಾನೂ ನಕ್ಕೆ. ಮಂಡಿಗೆ ಹರಳೆಣ್ಣೆ ಬಿಸಿ ಮಾಡಿ ತಿಕ್ಕು ಅಂದಳು, ರಾತ್ರಿ ತಿಕ್ಕುತ್ತೇನೆ ಅಂದೆ. ಆ ದಾರಿಯಲ್ಲಿ ಅವರು ಬದುಕಿದ್ದರು. ದೇವರೇ, ಇದು ಮುಗಿಯದಿರಲಿ ಅಂತ ಬೇಡಿಕೊಂಡೆ.

ಮುಗಿಯಿತು. ಬೆಂಚು ಖಾಲಿ. ಮುದುಕಿ ಪ್ಲಾಟ್‌ಫಾರಂ ಉದ್ದಕ್ಕೂ ಕಣ್ಣು ಹಾಯಿಸಿ, ಆಮೇಲೆ ನನ್ನ ಮುಖ ನೋಡಿದಳು.

"ಅವ್ರಿಲ್ಲ ಕಣವ್ವ," ಅಂದೆ. "ಮಾಘದಲ್ಲೇ ಹೋದ್ರು."

ಸೆರಗಿನಿಂದ ಕಾಯಿ ತೆಗೆದು ಮುಂದೆ ಹಿಡಿದೆ. ತಪ್ಪಾಯಿತು, ಇದು ನನಗೆ ಸಲ್ಲುವುದಲ್ಲ ಅಂದೆ. ಪುಟ್ಟಗಂಗಮ್ಮ ಎಳನೀರನ್ನು ಬೆಂಚಿನ ಮೇಲಿಟ್ಟು, ಕಾಯಿ ತೆಗೆದುಕೊಂಡಳು. ಅಲ್ಲಿಗೆ ಆ ಬಾಗಿಲೂ ಮುಚ್ಚಿತು ಅಂದುಕೊಂಡೆ.

"ಸೊಸೆ ಹಾಕಿದ್ದು ಮುತ್ತೈದೆಗೆ, ಅದು ವಾಪಸ್ ಬಂತು ಬುಡು," ಅಂದಳು. "ಇದು ನಾನು ಕೊಡ್ತಿರೋದು. ಸೆರಗೊಡ್ಡವ್ವ."

ಯಾರ ಮಡಿಲಿಗೂ ಏನೂ ಹಾಕದ ಆ ಕೈ ಕಾಯಿಯನ್ನು ನನ್ನ ಕಡೆ ನೀಡಿತು. ಸೆರಗೊಡ್ಡಿದೆ. ಕಾಯಿ ಬಿದ್ದ ಭಾರಕ್ಕೆ, ಇಷ್ಟು ದಿನ ಬಾರದಿದ್ದ ಅಳು ಬಂತು. ಗಾಡಿ ಬರುವವರೆಗೂ ಅತ್ತೆ. ಮುದುಕಿ ಬೆನ್ನು ಸವರುತ್ತ ಕೂತಿದ್ದಳು. ಆಮೇಲೆ ಹತ್ತಿಸಿದಳು. ತಿಪಟೂರಿನಲ್ಲಿ ಇಳಿದು, ಮೊದಲ ಸಲ ಕಾಯಿಯನ್ನು ನಾನೇ ಹೊತ್ತುಕೊಂಡು ಮನೆಗೆ ನಡೆದೆ.